ದಾರಿ ತಪ್ಪಿದ ಹುಡುಗರ ಧಾರ್ಮಿಕ ವಸತಿಗೃಹಗಳು

ದಾರಿ ತಪ್ಪಿದವರೆಂದು ಮನೆಯವರೋ ಶಾಲೆಯವರೋ ನ್ಯಾಯಾಲಯವೋ ತೀರ್ಮಾನಿಸಿದ ಹದಿಹರೆಯದ ಹುಡುಗರನ್ನು ಧಾರ್ಮಿಕ ಸಂಸ್ಥೆಯೊಂದು ತನ್ನ ಆವರಣದಲ್ಲೇ ಇರಿಸಿಕೊಂಡು, ಓದು, ಕಸುಬು, ಶಿಸ್ತು, ಪ್ರಾರ್ಥನೆಗಳ ದಿನಚರಿಯಿಂದ ತಿದ್ದಲು ನಡೆಸುವ ಮನೆಗಳು. ಯುರೋಪಿನ ಪಾದ್ರಿಗಳೂ ಧರ್ಮಸೋದರರೂ ನಡೆಸಿದ ಸುಧಾರಣಾ ಶಾಲೆಗಳು, ಅಮೆರಿಕದ ಬಾಲಗ್ರಾಮಗಳು, ಅಲ್ಲಿನ ಸ್ವತಂತ್ರ ಬೋಧಕರ ಬೋರ್ಡಿಂಗ್ ಶಾಲೆಗಳು, ಉತ್ತರ ನೈಜೀರಿಯದ ಇಸ್ಲಾಮೀ ಪುನರ್ವಸತಿ ಕೇಂದ್ರಗಳು ಎಲ್ಲವೂ ಈ ಬಗೆಗೆ ಸೇರುತ್ತವೆ. ಧಾರ್ಮಿಕ ವಸತಿ ಎಂದೊಡನೆ ಕರ್ನಾಟಕದವರಿಗೆ ನೆನಪಾಗುವುದು ಸಿದ್ಧಗಂಗೆಯಂಥ ಮಠಗಳ ಉಚಿತ ವಿದ್ಯಾರ್ಥಿನಿಲಯ. ಅದು ಬೇರೆ. ಅಲ್ಲಿಗೆ ಹುಡುಗ ಹೋಗುವುದು ಓದಲು. ಸೇರಿದ್ದು ಮನೆಗೆ ಹೆಮ್ಮೆ. ಇಲ್ಲಿ ಹುಡುಗ ಬಾಗಿಲು ದಾಟುವ ಮೊದಲೇ ಅವನ ಹೆಸರಿನ ಮುಂದೆ ಒಂದು ದೂರು ಇರುತ್ತದೆ: ಕದ್ದ, ಸುಳ್ಳು ಹೇಳಿದ, ಶಾಲೆ ತಪ್ಪಿಸಿದ, ಕುಡಿದ, ತಂದೆಯ ಮೇಲೆ ಕೈ ಎತ್ತಿದ. ದೂರು ಹೊತ್ತು ಬಂದವನು ಮುಂದೆಂದಾದರೂ ತಾನೇ ದೂರು ಹೇಳಿದರೆ ನಂಬುವವರು ಕಡಿಮೆ. ಎರಡು ಶತಮಾನಗಳ ದಾಖಲೆಯನ್ನು ಒಟ್ಟಿಗೆ ಇಟ್ಟು ಓದಿದರೆ ಈ ಮನೆಗಳ ಒಳಿತುಕೆಡುಕು ಬಹುಮಟ್ಟಿಗೆ ಇದೇ ಜಾಗದಲ್ಲಿ ತೀರ್ಮಾನವಾಗಿರುವುದು ಕಾಣುತ್ತದೆ. ಧರ್ಮ ಯಾವುದು, ಶಿಸ್ತು ಎಷ್ಟು, ಸ್ಥಾಪಕ ಎಂಥ ಸಂತ ಎಂಬ ಪ್ರಶ್ನೆಗಳಿಗಿಂತ, ಹುಡುಗನ ಮಾತು ಅವನನ್ನು ಇಟ್ಟುಕೊಂಡವರ ಕೈ ದಾಟಿ ಹೊರಗಿನವರಿಗೆ ತಲುಪುವ ದಾರಿ ಇತ್ತೇ ಎಂಬ ಪ್ರಶ್ನೆ ಹೆಚ್ಚು ತೂಕದ್ದು.

ಇಂಥ ಮನೆಗಳ ಆಧುನಿಕ ರೂಪ ಮೂಡಿದ್ದು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ. ಕಾರ್ಖಾನೆಗಳೂ ಕಟ್ಟಡ ಕೆಲಸವೂ ಹಳ್ಳಿಯ ಮಕ್ಕಳನ್ನು ನಗರಗಳಿಗೆ ಎಳೆದು ತಂದವು; ಕೆಲಸ ತಪ್ಪಿದಾಗ ಅವರು ಬೀದಿಗೆ ಬಿದ್ದರು, ಬೀದಿಯಿಂದ ದೊಡ್ಡವರ ಜೈಲಿಗೆ ಹೋದರು. ಹ್ಯಾಂಬರ್ಗ್ ಹತ್ತಿರದ ಹಾರ್ನ್ ಎಂಬಲ್ಲಿ ಪ್ರಾಟೆಸ್ಟೆಂಟ್ ದೇವತಾಶಾಸ್ತ್ರಜ್ಞ ಯೋಹಾನ್ ಹಿನ್ರಿಖ್ ವಿಖರ್ನ್ 1833ರಲ್ಲಿ ರೌಹೆಸ್ ಹೌಸ್ ಆರಂಭಿಸಿದ. ಹನ್ನೆರಡರ ಆಸುಪಾಸಿನ ಮಕ್ಕಳ ಒಂದೊಂದು ಗುಂಪನ್ನು ಒಂದೊಂದು ಕುಟುಂಬವೆಂದು ಮಾಡಿ, ಒಬ್ಬ ‘ಸೋದರ’ನ ಜೊತೆ ಒಂದೇ ಸೂರಿನಡಿ ಇರಿಸಿದ್ದು ಅವನ ಹೊಸ ಕ್ರಮ. ಬಂದ ದಿನವೇ ಹಿಂದಿನದೆಲ್ಲ ಕ್ಷಮಿಸಲಾಗಿದೆ ಎಂದು ಹುಡುಗನಿಗೆ ಹೇಳುತ್ತಿದ್ದರು. ಅವನು ಮಾಡಿದ್ದನ್ನು ಮತ್ತೆ ಎತ್ತಿ ಆಡುವಂತಿರಲಿಲ್ಲ. ಆವರಣಕ್ಕೆ ಎತ್ತರದ ಗೋಡೆಯೂ ಇರಲಿಲ್ಲ. ಇದು ದಯೆಯ ಮಾತಾಗಿ ಮಾತ್ರ ಮುಖ್ಯವಲ್ಲ. ಹಳೆಯ ತಪ್ಪನ್ನು ಅಳಿಸುವುದೆಂದರೆ ಹುಡುಗನ ಮಾತಿಗೆ ಮತ್ತೆ ಬೆಲೆ ಕೊಡುವುದು. ಅದನ್ನು ವಿಖರ್ನ್ ತನ್ನ ಮತದ ಪಾಪಕ್ಷಮೆಯ ತತ್ತ್ವದಿಂದಲೇ ಪಡೆದ ಎಂಬುದನ್ನು ಧರ್ಮದ ಟೀಕಾಕಾರರು ಮರೆಯಬಾರದು.

ಇದೇ ಮನೆಯನ್ನು ನೋಡಿ ಹೋದ ಫ್ರೆಂಚ್ ನ್ಯಾಯಾಧೀಶ ಫ್ರೆಡೆರಿಕ್ ಓಗಸ್ಟ್ ದೆಮೆಟ್ಸ್ 1840ರಲ್ಲಿ ತೂರ್ ಪಟ್ಟಣದ ಹತ್ತಿರ ಮೆತ್ರೆಯ ಕೃಷಿ ವಸಾಹತನ್ನು ತೆರೆದ. ಅಲ್ಲೂ ಗೋಡೆ ಇರಲಿಲ್ಲ, ಅಲ್ಲೂ ಗುಂಪುಗಳಿಗೆ ಕುಟುಂಬವೆಂದೇ ಹೆಸರು, ಮಧ್ಯದಲ್ಲಿ ಚರ್ಚು. ಆದರೆ ಕುಟುಂಬವೊಂದಕ್ಕೆ ಸುಮಾರು ನಲವತ್ತು ಹುಡುಗರು, ದಿನಚರಿಗೆ ಸೈನ್ಯದ ಕವಾಯತು, ಮಾತು ಕೇಳದವನಿಗೆ ಒಂಟಿ ಕೋಣೆ. ಯುರೋಪಿನ ಗಣ್ಯರು ಸಾಲುಗಟ್ಟಿ ಬಂದು ನೋಡಿ, ಮೆಚ್ಚಿ ಬರೆದರು. ಆ ಮೆಚ್ಚುಗೆ ಹುಡುಗರಿಗೇನೂ ಮಾಡಲಿಲ್ಲ. ಬಂದವರು ನೋಡಿದ್ದು ಕವಾಯತನ್ನು, ತೋಟವನ್ನು, ಪ್ರಾರ್ಥನೆಯನ್ನು. ಹುಡುಗನೊಬ್ಬನನ್ನು ಬದಿಗೆ ಕರೆದು ಕೇಳುವುದು ಅಂದಿನ ಭೇಟಿಯ ಶಿಷ್ಟಾಚಾರದಲ್ಲಿರಲಿಲ್ಲ. 1920ರ ದಶಕದಲ್ಲಿ ಅಲ್ಲಿದ್ದ ಜ್ಯಾಂ ಜೆನೆ ಮುಂದೆ ಲೇಖಕನಾಗಿ ಅದರ ಒಳಗನ್ನು ಬರೆದ. 1930ರ ದಶಕದಲ್ಲಿ ಪತ್ರಕರ್ತ ಅಲೆಕ್ಸಿ ದನಾನ್ ಇಂಥ ವಸಾಹತುಗಳ ವಿರುದ್ಧ ಪತ್ರಿಕೆಯಲ್ಲಿ ಸತತವಾಗಿ ಬರೆದ ಮೇಲೆ 1937ರಲ್ಲಿ ಅದು ಮುಚ್ಚಿತು. ಮಿಶೆಲ್ ಫೂಕೊ 1975ರ ತನ್ನ ಗ್ರಂಥದಲ್ಲಿ ಆಧುನಿಕ ಸೆರೆಮನೆ ವ್ಯವಸ್ಥೆ ಪೂರ್ಣಗೊಂಡ ಘಟ್ಟವೆಂದು ಮೆತ್ರೆಯನ್ನೇ ಗುರುತಿಸಿದ. ಫೂಕೊನ ತೀರ್ಮಾನ ತುಸು ಹೆಚ್ಚೇ ಆಯಿತೆನ್ನಬಹುದು, ಏಕೆಂದರೆ ಮೆತ್ರೆಗೆ ಮಾದರಿಯಾದ ಹ್ಯಾಂಬರ್ಗಿನ ಮನೆ ಆ ಹಾದಿ ಹಿಡಿಯಲಿಲ್ಲ.

ಕ್ಯಾಥೊಲಿಕ್ ಪರಂಪರೆಯಲ್ಲಿ ಹೆಚ್ಚು ಉಳಿದು ಬಂದದ್ದು ಇಟಲಿಯ ಜೊವಾನ್ನಿ ಬೋಸ್ಕೊ, ಅಂದರೆ ಡಾನ್ ಬಾಸ್ಕೊ ಅವರ ಕ್ರಮ. 1815ರಲ್ಲಿ ಹುಟ್ಟಿ 1841ರಲ್ಲಿ ಪಾದ್ರಿಯಾದ ಅವರು ಟ್ಯೂರಿನ್ನಿನ ಜೈಲುಗಳಲ್ಲಿ ಹುಡುಗರನ್ನು ನೋಡಿದರು. ಬಿಡುಗಡೆಯಾದವರು ಕೆಲವೇ ದಿನಗಳಲ್ಲಿ ಹಿಂತಿರುಗುತ್ತಿದ್ದುದು ಅವರನ್ನು ಕಾಡಿತು. 1846ರಲ್ಲಿ ವಾಲ್ದೊಕ್ಕೊದ ಒಂದು ಕೊಟ್ಟಿಗೆಯಲ್ಲಿ ನೆಲೆ ಸಿಕ್ಕಿತು, ಮರುವರ್ಷದಿಂದ ಹುಡುಗರು ಅಲ್ಲೇ ಉಳಿಯತೊಡಗಿದರು. ಅಡಿಗೆ, ಬಟ್ಟೆಯ ಕೆಲಸ ನೋಡಿಕೊಂಡವರು ಅವರ ತಾಯಿ ಮಾರ್ಗರೀತ. 1850ರ ದಶಕದ ಆರಂಭದಲ್ಲಿ ತಮ್ಮ ಹುಡುಗರನ್ನು ಬಡಗಿಗಳಂಥ ಕಸುಬುದಾರರ ಹತ್ತಿರ ಕೆಲಸಕ್ಕೆ ಬಿಡುವಾಗ ಅವರು ಮಾಡಿಸಿದ ಕರಾರುಪತ್ರಗಳು ಉಳಿದಿವೆ. ಹುಡುಗನನ್ನು ಮಾತಿನಿಂದ ತಿದ್ದಬೇಕು, ಹೊಡೆಯಕೂಡದು, ಮನೆಗೆಲಸಕ್ಕೆ ಬಳಸಕೂಡದು ಎಂಬ ಷರತ್ತಿಗೆ ಯಜಮಾನ ಸಹಿ ಹಾಕಬೇಕಿತ್ತು. ಧರ್ಮಬೋಧೆಯ ಪುಸ್ತಕಗಳಿಗಿಂತ ಈ ಕಾಗದಗಳೇ ಅವರ ನಿಜವಾದ ಕೊಡುಗೆ ಎನ್ನಲು ಅಡ್ಡಿಯಿಲ್ಲ: ಹುಡುಗನಿಗೂ ಯಜಮಾನನಿಗೂ ನಡುವೆ ಮೂರನೆಯವನೊಬ್ಬ ನಿಂತ, ಅವನ ಬಳಿ ದೂರು ಹೇಳಿಕೊಳ್ಳಬಹುದಾಗಿತ್ತು. 1859ರಲ್ಲಿ ಸಲೇಶಿಯನ್ ಸಭೆ ಸ್ಥಾಪನೆಯಾಯಿತು, 1877ರಲ್ಲಿ ಅವರು ವಿವೇಕ, ಧರ್ಮ, ವಾತ್ಸಲ್ಯ ಎಂಬ ಮೂರರ ಮೇಲೆ ನಿಂತ ‘ತಡೆಯುವ ಪದ್ಧತಿ’ಯನ್ನು ಬರೆದಿಟ್ಟರು. ತಪ್ಪು ನಡೆದ ಮೇಲೆ ದಂಡಿಸುವುದರ ಬದಲು, ತಪ್ಪಿಗೆ ಎಡೆಯಾಗದಂತೆ ಹಿರಿಯರು ಆಟದಲ್ಲೂ ಊಟದಲ್ಲೂ ಹುಡುಗರ ನಡುವೆಯೇ ಇರಬೇಕೆಂಬುದು ಇದರ ತಿರುಳು. ಸದಾ ಜೊತೆಗಿರುವ ಹಿರಿಯ ಕಾವಲುಗಾರನೂ ಆಗಬಲ್ಲನೆಂಬ ಆಕ್ಷೇಪ ಹಳೆಯದು, ಸರಿಯಾದದ್ದೂ ಹೌದು. ಆ ಹಿರಿಯನ ಮೇಲೆಯೇ ಹುಡುಗನಿಗೆ ದೂರಿದ್ದರೆ ಏನು ಎಂಬುದಕ್ಕೆ 1877ರ ಬರಹ ಉತ್ತರ ಕೊಡುವುದಿಲ್ಲ.

ಬ್ರಿಟನ್ನಿನಲ್ಲಿ ಈ ಕೆಲಸಕ್ಕೆ ಕಾನೂನಿನ ಚೌಕಟ್ಟು ಬಂದದ್ದರಲ್ಲಿ ಯುನಿಟೇರಿಯನ್ ಪಂಥದ ಮೇರಿ ಕಾರ್ಪೆಂಟರ್ ಪಾಲು ದೊಡ್ಡದು. 1852ರಲ್ಲಿ ಬ್ರಿಸ್ಟಲ್ ಹತ್ತಿರದ ಕಿಂಗ್ಸ್‌ವುಡ್‌ನಲ್ಲಿ ಅವರು ಸುಧಾರಣಾ ಶಾಲೆ ತೆರೆದರು. 1854ರ ಕಾಯಿದೆ ಇಂಥ ಖಾಸಗಿ ಶಾಲೆಗಳಿಗೆ ಸರ್ಕಾರದ ಪ್ರಮಾಣಪತ್ರ ಕೊಟ್ಟು, ನ್ಯಾಯಾಲಯಗಳು ಹುಡುಗರನ್ನು ಅಲ್ಲಿಗೆ ಕಳಿಸುವಂತೆ ಮಾಡಿತು. ಮುಂದೆ ಅವರು ಭಾರತಕ್ಕೆ ನಾಲ್ಕು ಬಾರಿ ಬಂದು, ಹೆಣ್ಣುಮಕ್ಕಳ ಶಿಕ್ಷಣದ ಜೊತೆಗೆ ಜೈಲು ಸುಧಾರಣೆಗೂ ಬಾಲಾಪರಾಧಿಗಳ ಶಾಲೆಗಳಿಗೂ ಒತ್ತಾಯಿಸಿದರು. ಇಲ್ಲಿ ಸುಧಾರಣಾ ಶಾಲೆಗಳ ಕಾಯಿದೆ 1876ರಲ್ಲಿ ಬಂತು. ಸರ್ಕಾರ ಹಣ ಕೊಡುವುದು, ಧಾರ್ಮಿಕ ಸಂಸ್ಥೆ ನಡೆಸುವುದು ಎಂಬ ಬ್ರಿಟಿಷ್ ಒಪ್ಪಂದವನ್ನು ಐರ್ಲೆಂಡ್ 1858 ಮತ್ತು 1868ರ ಕಾಯಿದೆಗಳ ಮೂಲಕ ಪಡೆಯಿತು. ಅದನ್ನು ಕೊನೆಯ ತನಕ ಒಯ್ದದ್ದೂ ಐರ್ಲೆಂಡೇ.

ಡಬ್ಲಿನ್ನಿನ ಆರ್ಟೇನ್ ಕಸುಬು ಶಾಲೆ 1870ರಲ್ಲಿ ತೆರೆದು 1969ರವರೆಗೆ ನಡೆಯಿತು. 830 ಹುಡುಗರನ್ನು ಇರಿಸಿಕೊಳ್ಳಲು ಅದಕ್ಕೆ ಅನುಮತಿ ಇತ್ತು. ಪಶ್ಚಿಮ ಕರಾವಳಿಯ ಲೆಟರ್‌ಫ್ರ್ಯಾಕ್ 1887ರಿಂದ 1974ರವರೆಗೆ. ಎರಡನ್ನೂ ನಡೆಸಿದವರು ಕ್ರಿಶ್ಚಿಯನ್ ಬ್ರದರ್ಸ್ ಎಂಬ ಧರ್ಮಸೋದರರ ಸಂಘ. ಹುಡುಗರಲ್ಲಿ ಅಪರಾಧ ಮಾಡಿದವರಿಗಿಂತ ಬಡವರು, ಶಾಲೆ ತಪ್ಪಿಸಿದವರು, ತಾಯಿಯೋ ತಂದೆಯೋ ಇಲ್ಲದವರೇ ಹೆಚ್ಚು. ಸರ್ಕಾರ ತಲೆಯೊಂದಕ್ಕೆ ಇಷ್ಟೆಂದು ಹಣ ಕೊಡುತ್ತಿದ್ದುದರಿಂದ ಶಾಲೆ ನಡೆಯಬೇಕಾದರೆ ಹಾಸಿಗೆಗಳು ತುಂಬಿರಬೇಕಿತ್ತು. ಹುಡುಗ ಬೇಗ ಮನೆ ಸೇರಿದರೆ ಸಂಸ್ಥೆಗೆ ನಷ್ಟ. ಮಕ್ಕಳನ್ನು ನೋಡಿಕೊಳ್ಳುವ ತರಬೇತಿ ಇಲ್ಲದ ಎಳೆಯ ಸೋದರರು ನೂರಾರು ಹುಡುಗರನ್ನು ಚರ್ಮದ ಪಟ್ಟಿಯಿಂದ ಹತೋಟಿಯಲ್ಲಿಟ್ಟರು. ಓಡಿಹೋದವರನ್ನು ಪೊಲೀಸರು ಹಿಡಿದು ತಂದು ಅದೇ ಬಾಗಿಲಿಗೆ ಬಿಟ್ಟರು. 1999ರಲ್ಲಿ ಮೇರಿ ರಾಫ್ಟರಿ ಅವರ ಸಾಕ್ಷ್ಯಚಿತ್ರ ಮಾಲಿಕೆ ದೂರದರ್ಶನದಲ್ಲಿ ಬಂದ ಮೇಲೆ ಪ್ರಧಾನಿ ಬರ್ಟಿ ಅಹರ್ನ್ ರಾಷ್ಟ್ರದ ಪರವಾಗಿ ಕ್ಷಮೆ ಕೇಳಿದರು, ವಿಚಾರಣಾ ಆಯೋಗ ನೇಮಕವಾಯಿತು. ರಯಾನ್ ವರದಿ ಎಂದೇ ಹೆಸರಾದ ಅದರ ವರದಿ 2009ರ ಮೇ 20ರಂದು ಹೊರಬಂತು. ಆಯೋಗದ ಗೋಪ್ಯ ಸಮಿತಿಯ ಮುಂದೆ 1,090 ಮಂದಿ ಹೇಳಿಕೆ ಕೊಟ್ಟರು. ಅವರು ಹೆಸರಿಸಿದ ಶಾಲೆ ಮತ್ತು ವಸತಿಗಳು 216. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಹೊಡೆತ ಬಡಿತ ಹೇಳಿದರು, ಸುಮಾರು ಅರ್ಧದಷ್ಟು ಜನ ಲೈಂಗಿಕ ದೌರ್ಜನ್ಯ ಹೇಳಿದರು. ಹುಡುಗರ ಸಂಸ್ಥೆಗಳಲ್ಲಿ ಈ ದೌರ್ಜನ್ಯ ಬೇರೂರಿತ್ತೆಂಬುದೇ ಆಯೋಗದ ನಿರ್ಣಯ.

ಈ ಪ್ರಕರಣದಿಂದ ಧರ್ಮವೇ ದೋಷಿ ಎಂಬ ಸುಲಭದ ತೀರ್ಮಾನಕ್ಕೆ ಬರುವವರು ಎಡ್ವರ್ಡ್ ಫ್ಲ್ಯಾನಗನ್ ಅವರನ್ನೂ ಗಮನಿಸಬೇಕು. ಅವರೂ ಐರಿಷ್, ಅವರೂ ಕ್ಯಾಥೊಲಿಕ್ ಪಾದ್ರಿ. 1886ರಲ್ಲಿ ಐರ್ಲೆಂಡಿನ ಬ್ಯಾಲಿಮೋ ಹಳ್ಳಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ನೆಬ್ರಾಸ್ಕದ ಒಮಾಹದಲ್ಲಿ ನಿರುದ್ಯೋಗಿಗಳಿಗಾಗಿ ವಸತಿ ನಡೆಸುತ್ತಿದ್ದಾಗ, ಆ ದೊಡ್ಡವರೆಲ್ಲ ಒಂದು ಕಾಲಕ್ಕೆ ಯಾರೂ ದಿಕ್ಕಿಲ್ಲದ ಹುಡುಗರಾಗಿದ್ದರೆಂಬುದು ಅವರಿಗೆ ಹೊಳೆಯಿತು. ತೊಂಬತ್ತು ಡಾಲರ್ ಸಾಲ ತಂದು ಬಾಡಿಗೆ ಕಟ್ಟಿ, 1917ರ ಡಿಸೆಂಬರ್ 12ರಂದು ಬೆರಳೆಣಿಕೆಯ ಹುಡುಗರೊಂದಿಗೆ ಮನೆ ಹೂಡಿದರು. 1921ರಲ್ಲಿ ಊರ ಹೊರಗಿನ ತೋಟಕ್ಕೆ ಹೋದ ಆ ಮನೆಯೇ ಬಾಯ್ಸ್ ಟೌನ್. ಬಿಳಿಯರು ಕರಿಯರು, ಕ್ಯಾಥೊಲಿಕರು ಯಹೂದಿಗಳು ಎಂಬ ಭೇದವಿಲ್ಲದೆ ಹುಡುಗರನ್ನು ಸೇರಿಸಿಕೊಂಡದ್ದು ಆ ಕಾಲದ ಅಮೆರಿಕಕ್ಕೆ ಅಪರೂಪ. ಹೊಡೆತಕ್ಕೆ ಅವರು ವಿರೋಧಿ. ಕೆಟ್ಟ ಹುಡುಗ ಎಂಬವನೇ ಇಲ್ಲ, ಕೆಟ್ಟದ್ದು ಪರಿಸರ ಮತ್ತು ತರಬೇತಿ ಎಂದು ಊರೂರಲ್ಲಿ ಹೇಳಿದರು. ಹುಡುಗರು ತಮ್ಮೊಳಗೆ ಮೇಯರನನ್ನು ಚುನಾಯಿಸುವ ವ್ಯವಸ್ಥೆ ಬಂತು. ಅದು ಅರ್ಧ ಆಟವೇ ಆಗಿದ್ದರೂ ಹಿರಿಯರ ಮುಂದೆ ಹುಡುಗರ ಪರವಾಗಿ ಮಾತಾಡಲು ಒಬ್ಬ ಇದ್ದಂತಾಯಿತು. 1938ರಲ್ಲಿ ಸ್ಪೆನ್ಸರ್ ಟ್ರೇಸಿ ಪಾದ್ರಿಯಾಗಿ ನಟಿಸಿ ಆಸ್ಕರ್ ಪಡೆದ ಚಿತ್ರ ಬಂದ ಮೇಲೆ ಅವರ ಹೆಸರು ಲೋಕಪ್ರಸಿದ್ಧವಾಯಿತು.

ಆ ಖ್ಯಾತಿ ಹೊತ್ತು ಫ್ಲ್ಯಾನಗನ್ 1946ರಲ್ಲಿ ತಾಯ್ನಾಡಿಗೆ ಹೋದರು. ಹಿಂದಿನ ವರ್ಷ ಗ್ಲಿನ್‌ನ ಕಸುಬು ಶಾಲೆಯಲ್ಲಿ ಹದಿನಾಲ್ಕರ ಹುಡುಗನೊಬ್ಬ ಓಡಿಹೋದ ತಪ್ಪಿಗೆ ಚಾವಟಿಯೇಟು ತಿಂದು, ಮತ್ತೆ ತಪ್ಪಿಸಿಕೊಂಡು ಲಿಮರಿಕ್‌ನ ತಾಯಿಯ ಮನೆಗೆ ನಡೆದೇ ಬಂದಿದ್ದ. ಬೆನ್ನಿನ ಬಾಸುಂಡೆ ನೋಡಿದ ತಾಯಿ ಊರಿನ ಪುರಸಭಾ ಸದಸ್ಯರ ಬಳಿ ಹೋದಳು, ಅವರು ಬಹಿರಂಗ ವಿಚಾರಣೆ ಕೇಳಿ ಶಿಕ್ಷಣ ಮಂತ್ರಿಗೆ ಬರೆದರು, ವಿಚಾರಣೆ ನಡೆಯಲಿಲ್ಲ. ಆ ಕಾಗದಗಳು ಫ್ಲ್ಯಾನಗನ್ ಕೈಸೇರಿದವು. ಐರ್ಲೆಂಡಿನ ದಂಡನಾ ಸಂಸ್ಥೆಗಳು ದೇಶಕ್ಕೆ ನಾಚಿಕೆಗೇಡೆಂದು ಅವರು ಸಾರ್ವಜನಿಕವಾಗಿ ಹೇಳಿದಾಗ, ನ್ಯಾಯಖಾತೆಯ ಮಂತ್ರಿ ಜೆರಾಲ್ಡ್ ಬೊಲಂಡ್ ಸಂಸತ್ತಿನಲ್ಲಿ ಅದನ್ನು ಉತ್ಪ್ರೇಕ್ಷೆಯೆಂದು ತಳ್ಳಿಹಾಕಿದರು. 1948ರಲ್ಲಿ ಬರ್ಲಿನ್ನಿನಲ್ಲಿ ಫ್ಲ್ಯಾನಗನ್ ತೀರಿಕೊಂಡರು. ಅವರು ಹೇಳಿದ್ದನ್ನು ಆಯೋಗವೊಂದು ಒಪ್ಪಲು ಇನ್ನೂ ಅರವತ್ತೊಂದು ವರ್ಷ ಬೇಕಾಯಿತು. ಮಾತು ಹೊರಬರುವ ದಾರಿಗಳನ್ನು ಈ ಒಂದೇ ಪ್ರಕರಣ ತೋರಿಸುತ್ತದೆ: ಓಡಬಲ್ಲ ಕಾಲು, ನಂಬಿದ ತಾಯಿ, ಬರೆದ ಸದಸ್ಯ, ಕೇಳಿದ ಪಾದ್ರಿ. ಇಷ್ಟಿದ್ದೂ ಅಧಿಕಾರದ ಬಾಗಿಲಲ್ಲಿ ಅದು ನಿಂತುಹೋಯಿತು. ಹೆಚ್ಚಿನ ಹುಡುಗರಿಗೆ ಮೊದಲ ಎರಡೂ ಇರಲಿಲ್ಲ.

ಬಾಯ್ಸ್ ಟೌನ್ ಕೂಡ ಹೊರಗಿನ ಕಣ್ಣಿಲ್ಲದೆ ಸರಿದಾರಿಯಲ್ಲಿ ಉಳಿಯಲಿಲ್ಲ. ಸ್ಥಾಪಕರು ಹೋದ ಮೇಲೆ ಅದು ಪತ್ರ ಬರೆದು ದೇಣಿಗೆ ಎತ್ತುವುದರಲ್ಲಿ ನಿಪುಣವಾಯಿತು. 1972ರಲ್ಲಿ ಒಮಾಹದ ಸನ್ ಎಂಬ ವಾರಪತ್ರಿಕೆ, ಆಗ ಅದರ ಒಡೆಯ ವಾರನ್ ಬಫೆಟ್, ಸಂಸ್ಥೆ ತೆರಿಗೆ ಇಲಾಖೆಗೆ ಸಲ್ಲಿಸಿದ್ದ ಲೆಕ್ಕವನ್ನು ತೆಗೆಸಿ ನೋಡಿತು. ಏಳುನೂರಕ್ಕಿಂತ ಕಡಿಮೆ ಹುಡುಗರಿದ್ದ ಮನೆಯ ಆಸ್ತಿ 20 ಕೋಟಿ 90 ಲಕ್ಷ ಡಾಲರ್. ಬಡತನದ ಹೆಸರಿನಲ್ಲಿ ಪತ್ರಗಳು ಹೋಗುತ್ತಲೇ ಇದ್ದವು. ವರದಿಗೆ 1973ರಲ್ಲಿ ಪುಲಿಟ್ಜರ್ ಬಂತು. ಮುಜುಗರಕ್ಕೊಳಗಾದ ಸಂಸ್ಥೆ ದೊಡ್ಡ ಹಾಸ್ಟೆಲುಗಳನ್ನು ಬಿಟ್ಟು, ಕಾನ್ಸಾಸ್ ವಿಶ್ವವಿದ್ಯಾಲಯದ ಮಾಂಟ್ರೋಸ್ ವುಲ್ಫ್ ಮತ್ತು ಸಂಗಡಿಗರು 1967ರಿಂದ ರೂಪಿಸಿದ್ದ ಕುಟುಂಬ ಮಾದರಿಗೆ ಹೊರಳಿತು: ತರಬೇತಾದ ಗಂಡಹೆಂಡಿರೊಡನೆ ಒಂದು ಮನೆಯಲ್ಲಿ ಕೆಲವೇ ಮಕ್ಕಳು, ಪ್ರತಿ ಮನೆಯ ಮೇಲೂ ನಿಯತ ಮೌಲ್ಯಮಾಪನ, ಆ ಮೌಲ್ಯಮಾಪನದಲ್ಲಿ ಮಕ್ಕಳ ಅಭಿಪ್ರಾಯಕ್ಕೂ ಜಾಗ. ವಿಖರ್ನ್ 1833ರಲ್ಲಿ ಮಾಡಿದ್ದಕ್ಕೆ ಇದು ಬಹಳ ಹತ್ತಿರ. ನಂತರವೂ ಹಳೆಯ ವಿದ್ಯಾರ್ಥಿಗಳ ಕೆಲವು ದೂರುಗಳು ನ್ಯಾಯಾಲಯ ಕಂಡವು, ಹಾಗಾಗಿ ಇದನ್ನು ನಿರ್ದೋಷ ಮಾದರಿ ಎನ್ನಲಾಗದು. ಆದರೆ ದಿಕ್ಕು ಬದಲಾದದ್ದು ಒಳಗಿನ ಪ್ರಾರ್ಥನೆಯಿಂದಲ್ಲ, ಯಾರು ಬೇಕಾದರೂ ತೆಗೆಸಿ ಓದಬಹುದಾಗಿದ್ದ ಒಂದು ಸರ್ಕಾರಿ ನಮೂನೆಯಿಂದ.

ಅಮೆರಿಕದಲ್ಲೇ ಇದಕ್ಕೆ ತದ್ವಿರುದ್ಧ ಪರಂಪರೆಯೊಂದು ಬೆಳೆಯಿತು. ಟೆಕ್ಸಸ್‌ನ ಕಾರ್ಪಸ್ ಕ್ರಿಸ್ಟಿಯ ರೇಡಿಯೊ ಬೋಧಕ ಲೆಸ್ಟರ್ ರೋಲಾಫ್ ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಮನೆಗಳನ್ನು ನಡೆಸುತ್ತಿದ್ದರು. ಹೊಡೆತದ ದೂರುಗಳು 1970ರ ದಶಕದಲ್ಲಿ ಶಾಸಕಾಂಗ ತಲುಪಿದವು, 1975ರಲ್ಲಿ ಮಕ್ಕಳ ವಸತಿಗಳಿಗೆ ಪರವಾನಗಿ ಕಡ್ಡಾಯ ಮಾಡಿದ ಕಾಯಿದೆ ಬಂತು. ದೇವರ ಕೆಲಸಕ್ಕೆ ಸರ್ಕಾರದ ಪರವಾನಗಿ ಬೇಡವೆಂದು ರೋಲಾಫ್ ಜೈಲಿಗೂ ಹೋದರು; 1979ರಲ್ಲಿ ಬೆಂಬಲಿಗ ಪಾದ್ರಿಗಳು ಆವರಣದ ಸುತ್ತ ನೆರೆದು ಅಧಿಕಾರಿಗಳನ್ನು ತಡೆದರು. 1982ರಲ್ಲಿ ವಿಮಾನ ಅಪಘಾತದಲ್ಲಿ ಅವರು ಸತ್ತ ಕೆಲವು ವರ್ಷಗಳಲ್ಲೇ ಸಂಸ್ಥೆ ಪರವಾನಗಿ ಪಡೆಯುವುದಕ್ಕಿಂತ ಟೆಕ್ಸಸ್ ಬಿಡುವುದೇ ಲೇಸೆಂದು ಮಿಸೂರಿಗೆ ಹೋಯಿತು. ಧಾರ್ಮಿಕ ವಸತಿಗಳಿಗೆ ಪರವಾನಗಿಯಿಂದ ವಿನಾಯಿತಿ ಕೊಡುವ ಕಾನೂನು ಅಲ್ಲಿ 1982ರಲ್ಲೇ ಬಂದಿತ್ತು. 1997ರಲ್ಲಿ ಜಾರ್ಜ್ ಬುಷ್ ಗವರ್ನರಾಗಿದ್ದಾಗ ಟೆಕ್ಸಸ್ಸೂ ಮನಸ್ಸು ಬದಲಿಸಿತು. ಧಾರ್ಮಿಕ ಮನೆಗಳನ್ನು ಧಾರ್ಮಿಕರದೇ ಒಂದು ಮಂಡಳಿ ಪರಿಶೀಲಿಸಿದರೆ ಸಾಕೆಂದಿತು. ನಾಲ್ಕು ವರ್ಷ ನೋಡಿ, 2001ರಲ್ಲಿ ಆ ವ್ಯವಸ್ಥೆಯನ್ನು ಮುಂದುವರಿಸಲಿಲ್ಲ. ಮಿಸೂರಿಯ ವಿನಾಯಿತಿ ಮಾತ್ರ 2021ರವರೆಗೆ ಉಳಿಯಿತು. ಅಲ್ಲಿನ ಸ್ಟಾಕ್ಟನ್ ಊರಿನ ಅಗಾಪೆ ಬೋರ್ಡಿಂಗ್ ಶಾಲೆಯ ಹಳೆಯ ವಿದ್ಯಾರ್ಥಿಗಳು ಪತ್ರಿಕೆಗಳಿಗೂ ಶಾಸಕರಿಗೂ ಹೇಳಿಕೊಂಡ ಮೇಲೆ ನೋಂದಣಿಯನ್ನೂ ಸಿಬ್ಬಂದಿಯ ಪೂರ್ವಾಪರ ತಪಾಸಣೆಯನ್ನೂ ಕಡ್ಡಾಯ ಮಾಡಿದ ಕಾನೂನು ಬಂತು. ಅದೇ ವರ್ಷ ಐವರು ಸಿಬ್ಬಂದಿಯ ಮೇಲೆ ಹಲ್ಲೆಯ ಮೊಕದ್ದಮೆ ಹೂಡಲಾಯಿತು. 2023ರ ಜನವರಿಯಲ್ಲಿ ಶಾಲೆ ಮುಚ್ಚಿತು. ಈ ಬಗೆಯ ಖಾಸಗಿ ಶಾಲೆಗಳಲ್ಲಿ, ಧಾರ್ಮಿಕವಾಗಲಿ ಅಲ್ಲದಿರಲಿ, ಪದೇ ಪದೇ ಕಾಣುವ ರೂಢಿಯೊಂದಿದೆ: ಪತ್ರಗಳನ್ನು ಸಿಬ್ಬಂದಿ ಓದುತ್ತಾರೆ, ಫೋನಿನ ಪಕ್ಕ ಒಬ್ಬರು ನಿಲ್ಲುತ್ತಾರೆ, ಮಗ ಮನೆಗೆ ಮರಳಲು ಕಥೆ ಕಟ್ಟುತ್ತಾನೆ, ನಂಬಬೇಡಿ ಎಂದು ತಂದೆತಾಯಿಗಳಿಗೆ ಮೊದಲೇ ಹೇಳಿರುತ್ತಾರೆ. ಹುಡುಗನ ಮಾತು ಹೊರಡುವ ಮುಂಚೆಯೇ ಸುಳ್ಳೆಂದು ಮುದ್ರೆ ಬಿದ್ದಿರುತ್ತದೆ.

ಇದು ಕ್ರೈಸ್ತರಿಗಷ್ಟೇ ಸೇರಿದ ಕಥೆಯಲ್ಲ. 2019ರ ಸೆಪ್ಟೆಂಬರಿನಲ್ಲಿ ನೈಜೀರಿಯದ ಕಡುನ ನಗರದ ರಿಗಾಸ ಬಡಾವಣೆಯಲ್ಲಿ ಇಸ್ಲಾಮೀ ಬೋಧನೆ ಮತ್ತು ಪುನರ್ವಸತಿಯ ಹೆಸರಿನ ಕೇಂದ್ರವೊಂದಕ್ಕೆ ಪೊಲೀಸರು ನುಗ್ಗಿ 300ಕ್ಕೂ ಹೆಚ್ಚು ಹುಡುಗರನ್ನೂ ಗಂಡಸರನ್ನೂ ಬಿಡಿಸಿದರು; ಹಲವರ ಕಾಲಲ್ಲಿ ಸರಪಳಿ ಇತ್ತು. ಮಾದಕವಸ್ತುವಿಗೋ ಕೆಟ್ಟ ಸಹವಾಸಕ್ಕೋ ಬಿದ್ದ ಮಕ್ಕಳನ್ನು ಮನೆಯವರೇ ತಂದು ಬಿಟ್ಟಿದ್ದರು. ಹಾಗೆಂದು ಸೆಕ್ಯುಲರ್ ಸರ್ಕಾರವೇ ನಡೆಸಿದ್ದರೆ ಸರಿಯಿರುತ್ತಿತ್ತೆಂದೂ ಅಲ್ಲ. ಫ್ಲೋರಿಡಾದ ಮರಿಯಾನದಲ್ಲಿ 1900ರಿಂದ 2011ರವರೆಗೆ ರಾಜ್ಯ ಸರ್ಕಾರವೇ ನಡೆಸಿದ ಡೋಜಿಯರ್ ಬಾಲಕರ ಶಾಲೆಯ ನೆಲದಲ್ಲಿ ದಕ್ಷಿಣ ಫ್ಲೋರಿಡಾ ವಿಶ್ವವಿದ್ಯಾಲಯದ ತಜ್ಞರು 55 ಸಮಾಧಿಗಳನ್ನು ಪತ್ತೆಹಚ್ಚಿದರು. ಧರ್ಮದ ಪರ ನಿಂತವರು ಮುಂದಿಡುವ ಮೊದಲ ಆಕ್ಷೇಪವೇ ಇದು: ದೇವರಿಲ್ಲದ ಮನೆಗಳಲ್ಲೂ ಇದೇ ಆಯಿತಲ್ಲ, ನಮ್ಮ ಮೇಲೇಕೆ ಕಣ್ಣು? ಆಕ್ಷೇಪ ಸರಿ, ಅದು ಈ ಲೇಖನದ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡಿಸುವುದಿಲ್ಲ. ಧರ್ಮ ಎರಡು ಕೆಲಸ ಮಾಡುತ್ತದೆ. ಸಂಬಳದ ನೌಕರ ಬಿಟ್ಟುಹೋಗುವ ಜಾಗದಲ್ಲಿ ಜೀವನಪೂರ್ತಿ ನಿಲ್ಲುವ ಜನರನ್ನು ಕೊಡುತ್ತದೆ. ಅದೇ ಹೊತ್ತಿಗೆ, ಪಾದ್ರಿಯ ಮೇಲೆ, ಮೌಲ್ವಿಯ ಮೇಲೆ, ಸ್ವಾಮಿಯ ಮೇಲೆ ಅನುಮಾನ ಪಡುವುದೇ ಪಾಪವೆಂಬ ರಕ್ಷೆಯನ್ನೂ ಕೊಡುತ್ತದೆ. ಈ ಎರಡನೆಯದು ಸರ್ಕಾರಿ ವಾರ್ಡನ್‌ಗೆ ಸಿಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಎರಡನೆಯ ಆಕ್ಷೇಪ ಧಾರ್ಮಿಕ ಸ್ವಾತಂತ್ರ್ಯದ್ದು, ರೋಲಾಫ್ ಮುಂದಿಟ್ಟದ್ದು. ಪರವಾನಗಿ ಕೇಳುವುದು ಮಂಚಗಳ ಲೆಕ್ಕ, ಬೆಂಕಿ ಹತ್ತಿದರೆ ಹೊರಹೋಗುವ ಬಾಗಿಲು, ಸಿಬ್ಬಂದಿಯ ಹಿನ್ನೆಲೆ, ಹೊಡೆತದ ನಿಷೇಧ. ಬೆಳಗಿನ ಪ್ರಾರ್ಥನೆಯಲ್ಲಿ ಏನು ಹೇಳಬೇಕೆಂಬುದನ್ನಲ್ಲ. ಹೊಡೆಯುವುದೇ ಧರ್ಮಗ್ರಂಥದ ಆಜ್ಞೆ ಎನ್ನುವವರಿದ್ದಾರೆ. ಅವರಿಗೆ ಉತ್ತರ ಅವರದೇ ಪರಂಪರೆಯ ಡಾನ್ ಬಾಸ್ಕೊ ಮತ್ತು ಫ್ಲ್ಯಾನಗನ್. ಮೂರನೆಯದು ಯಶಸ್ಸಿನ ವಾದ: ಸಾವಿರಾರು ಹುಡುಗರು ಇಲ್ಲಿಂದ ಬದಲಾಗಿ ಹೋದರಲ್ಲ? ಹೋದವರಿದ್ದಾರೆ. ಆದರೆ ಸಾಕ್ಷಿ ಹೇಳಲು ಕರೆಸಿಕೊಳ್ಳುವುದು ಬದಲಾದವರನ್ನೇ. ಹದಿನಾರರ ಪುಂಡಾಟ ಇಪ್ಪತ್ತೈದಕ್ಕೆ ಬಹುಪಾಲು ತಾನಾಗಿಯೇ ಇಳಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಥಾಮಸ್ ಡಿಷಿಯನ್, ಜೋನ್ ಮೆಕಾರ್ಡ್ ಮತ್ತು ಫ್ರಾಂಸ್ವಾ ಪುಲೇನ್ 1999ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧ ಇನ್ನೊಂದು ಅಪಾಯ ತೋರಿಸಿತು: ತೊಂದರೆಯ ಹುಡುಗರನ್ನೇ ಗುಂಪಾಗಿ ಸೇರಿಸಿದರೆ ಒಬ್ಬರಿಂದೊಬ್ಬರು ಕಲಿತು ಕೆಲವೊಮ್ಮೆ ಇನ್ನಷ್ಟು ಕೆಡುತ್ತಾರೆ. ದೊಡ್ಡ ಹಾಸ್ಟೆಲಿಗೆ ಪ್ರಾರ್ಥನಾ ಮಂದಿರ ಸೇರಿಸಿದ ಮಾತ್ರಕ್ಕೆ ಇದು ತಪ್ಪುವುದಿಲ್ಲ.

ನಾಲ್ಕನೆಯ ಆಕ್ಷೇಪ ಹೆಚ್ಚು ಗಟ್ಟಿ. ಐರ್ಲೆಂಡಿನಲ್ಲಿ ತಪಾಸಣೆ ಇತ್ತಲ್ಲ? ಇತ್ತು. ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರು ಬರುತ್ತಿದ್ದರು, ಊಟ ಬಟ್ಟೆಯ ಬಗ್ಗೆ ಟೀಕೆಯನ್ನೂ ಬರೆಯುತ್ತಿದ್ದರು. 1962ರಲ್ಲಿ ಆರ್ಟೇನ್‌ನ ಪಾದ್ರಿಯೇ ಡಬ್ಲಿನ್ನಿನ ಆರ್ಚ್‌ಬಿಷಪ್ಪರಿಗೆ ಅಲ್ಲಿನ ಸ್ಥಿತಿಯ ಬಗ್ಗೆ ಕಟುವಾದ ವರದಿ ಕೊಟ್ಟಿದ್ದರು. ಇಲಾಖೆ ಧರ್ಮಸಂಘಗಳ ಮುಂದೆ ತಲೆಬಾಗಿತ್ತೆಂದು ರಯಾನ್ ಆಯೋಗ ಹೇಳಿತು. ಭೇಟಿ ಇದ್ದರೂ ಹುಡುಗರ ಜೊತೆ ಮಾತು ಇರಲಿಲ್ಲ, ಮುಚ್ಚಿಸುವ ಮನಸ್ಸಂತೂ ಇರಲೇ ಇಲ್ಲ. ಮೆತ್ರೆಯ ಗಣ್ಯ ಅತಿಥಿಗಳಿಗೂ ಈ ತಪಾಸಕರಿಗೂ ಅಂತರ ಕಡಿಮೆ. ಹಾಗಾಗಿ ಪರವಾನಗಿ, ತಪಾಸಣೆ ಎಂಬ ಪದಗಳಿಂದಲೇ ಸಮಾಧಾನಪಡುವಂತಿಲ್ಲ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2007ರಲ್ಲಿ ವರದಿ ಮಾಡಿದಂತೆ, 2005 ಒಂದೇ ವರ್ಷ 33 ರಾಜ್ಯಗಳಲ್ಲಿ ವಸತಿ ಕೇಂದ್ರಗಳ 1,619 ಸಿಬ್ಬಂದಿ ದೌರ್ಜನ್ಯದ ಘಟನೆಗಳಲ್ಲಿ ಸೇರಿದ್ದರು. ಪರವಾನಗಿ ಇದ್ದ ಮನೆಗಳೂ ಅದರಲ್ಲಿದ್ದವು. ಹುಡುಗರು ಸುಳ್ಳು ಹೇಳುವುದೂ ಉಂಟು, ಸುಳ್ಳು ದೂರಿನಿಂದ ಒಳ್ಳೆಯ ಸಿಬ್ಬಂದಿ ನೊಂದದ್ದೂ ಉಂಟು. ದೂರನ್ನು ಹೊರಗಿನವರು ಕೇಳಿ ಪರೀಕ್ಷಿಸಿದರೆ ಆ ಸಿಬ್ಬಂದಿಗೂ ಅದೇ ರಕ್ಷಣೆ. ಸಂಸ್ಥೆಯೇ ಕೇಳಿ ಸಂಸ್ಥೆಯೇ ಖುಲಾಸೆ ಮಾಡಿದರೆ ನಿರ್ದೋಷಿಯ ಮೇಲಿನ ಅನುಮಾನವೂ ಹೋಗುವುದಿಲ್ಲ.

ಭಾರತದಲ್ಲಿ ಸಲೇಶಿಯನ್ನರ ಕೆಲಸದ ಒಂದು ಮುಖ ಬೆಂಗಳೂರಿನಲ್ಲಿದೆ. 1980ರಲ್ಲಿ ಆರಂಭವಾದ ಅವರ ಬೀದಿಮಕ್ಕಳ ಸಂಸ್ಥೆಯ ಹೆಸರೇ ಕನ್ನಡದ್ದು: ಬೆಂಗಳೂರು ಓಣಿಯವರ ಸೇವಾ ಕೂಟ, ಚಿಕ್ಕದಾಗಿ ಬಾಸ್ಕೋ. ರೈಲು ನಿಲ್ದಾಣ, ಬಸ್ ನಿಲ್ದಾಣಗಳಲ್ಲಿ ಮನೆ ಬಿಟ್ಟು ಬಂದ ಹುಡುಗರನ್ನು ಮಾತಾಡಿಸುವುದರಿಂದ ಕೆಲಸ ಶುರುವಾಗುತ್ತದೆ, ವಸತಿ ಅನಂತರದ ಮೆಟ್ಟಿಲು, ಸಾಧ್ಯವಾದವರನ್ನು ಮನೆಗೆ ಮುಟ್ಟಿಸುವುದು ಗುರಿ. 1996ರಲ್ಲಿ ಮುಂಬಯಿಯಲ್ಲಿ ಹುಟ್ಟಿದ 1098 ಸಂಖ್ಯೆಯ ಮಕ್ಕಳ ಸಹಾಯವಾಣಿಗೆ ಬೆಂಗಳೂರಿನಲ್ಲಿ ಪಾಲುದಾರರಾದ ಸಂಸ್ಥೆಗಳಲ್ಲಿ ಬಾಸ್ಕೋ ಒಂದು. ಇದರ ಮಹತ್ತ್ವ ತಕ್ಷಣ ಕಾಣುವುದಿಲ್ಲ: ಹುಡುಗರನ್ನು ಇರಿಸಿಕೊಳ್ಳುವ ಸಂಸ್ಥೆಯೇ, ಬೇಕಾದರೆ ತನ್ನ ಮೇಲೂ ದೂರು ಬರಬಹುದಾದ ಸಂಖ್ಯೆಯನ್ನು ಊರಿಗೆಲ್ಲ ಹಂಚಿತು. ಬಾಲನ್ಯಾಯ ಕಾಯಿದೆ 2015ರ 41ನೇ ಸೆಕ್ಷನ್, ಸರ್ಕಾರದ ಅನುದಾನ ಇರಲಿ ಇಲ್ಲದಿರಲಿ, ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನಾಗಲಿ ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಕ್ಕಳನ್ನಾಗಲಿ ಇರಿಸಿಕೊಳ್ಳುವ ಪ್ರತಿಯೊಂದು ಸಂಸ್ಥೆಯೂ ನೋಂದಾಯಿಸಿಕೊಳ್ಳಬೇಕೆನ್ನುತ್ತದೆ; ಧರ್ಮಕ್ಕೆ ವಿನಾಯಿತಿ ಇಲ್ಲ. 54ನೇ ಸೆಕ್ಷನ್ ತಪಾಸಣೆಯದು, 82ನೇ ಸೆಕ್ಷನ್ ಸಂಸ್ಥೆಯೊಳಗಿನ ದೈಹಿಕ ಶಿಕ್ಷೆಯನ್ನು ಅಪರಾಧವಾಗಿಸುತ್ತದೆ. 2016ರ ಮಾದರಿ ನಿಯಮಗಳು ಇನ್ನೂ ಸೂಕ್ಷ್ಮ: ಮಕ್ಕಳ ಸಲಹಾ ಪೆಟ್ಟಿಗೆ ಕಚೇರಿಯಿಂದ ದೂರ, ಮಲಗುವ ಕೋಣೆಗಳ ಹತ್ತಿರ ಇರಬೇಕು, ಬೀಗದ ಕೈ ನಿರ್ವಹಣಾ ಸಮಿತಿಯ ಅಧ್ಯಕ್ಷರ ಬಳಿ ಇರಬೇಕು, ವಾರಕ್ಕೊಮ್ಮೆ ಮಕ್ಕಳ ಸಮಿತಿಯ ಎದುರು ತೆರೆಯಬೇಕು. ಪೆಟ್ಟಿಗೆ ಎಲ್ಲಿರಬೇಕೆಂದು ಯೋಚಿಸಿ ಈ ನಿಯಮ ಬರೆದವರಿಗೆ ವಸತಿಗೃಹದ ಒಳಗು ಚೆನ್ನಾಗಿ ಗೊತ್ತಿತ್ತು.

ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಸಂಸ್ಥೆಗಳಲ್ಲಿನ ಮಕ್ಕಳ ಮೇಲಿನ ದೌರ್ಜನ್ಯ ತಡೆಯ ಕಾಯಿದೆ ಜಾರಿಯಾಯಿತು; ಅದು ಅಧ್ಯಯನವನ್ನು ಕೇಳುತ್ತದೆ, ಮನೆ ಮುಚ್ಚಿಸುವ ಅಧಿಕಾರ ಈಗಲೂ ರಾಜ್ಯಗಳದ್ದೇ. ಅಲ್ಲೂ ಇಲ್ಲೂ ಉಳಿದಿರುವ ಕೊರತೆ ಒಂದೇ ಬಗೆಯದು. ಒಳಗಿರುವ ಹುಡುಗ ಎಷ್ಟೇ ಪೆಟ್ಟಿಗೆ, ಫೋನು ಕೊಟ್ಟರೂ ಹೆದರಿಕೆಯಿಂದ ಬಾಯಿ ಬಿಡದಿರಬಹುದು, ಏಕೆಂದರೆ ರಾತ್ರಿ ಅವನು ಮಲಗಬೇಕಾದದ್ದು ಅಲ್ಲೇ. ಐರ್ಲೆಂಡಿನಲ್ಲಿ ಬಾಯಿ ಬಿಟ್ಟವರು ನಡುವಯಸ್ಸು ದಾಟಿದವರು. ಬಾಲನ್ಯಾಯ ಕಾಯಿದೆಯಲ್ಲಿ ಹದಿನೆಂಟು ತುಂಬಿ ಹೊರಬಂದವನಿಗೆ ಇಪ್ಪತ್ತೊಂದರವರೆಗೆ ಅನುಪಾಲನೆಯ ಅವಕಾಶವಿದೆ. 46ನೇ ಸೆಕ್ಷನ್ ಹಣಕಾಸಿನ ನೆರವನ್ನೂ ಹೇಳುತ್ತದೆ. ಈ ಮೂರು ವರ್ಷಗಳಲ್ಲಿ ಅವನು ಸಂಸ್ಥೆಯ ಹಂಗಿನಲ್ಲಿ ಇರುವುದಿಲ್ಲ, ಅಲ್ಲಿ ಕಂಡದ್ದು ಮಾಸಿರುವುದೂ ಇಲ್ಲ. ನೆರವಿನ ಅರ್ಜಿ ಪಡೆಯುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕವೇ, ಸಂಸ್ಥೆಯವರಿಲ್ಲದ ಕೋಣೆಯಲ್ಲಿ, ಅವನಿದ್ದ ಮನೆಯ ಬಗ್ಗೆ ಅವನ ಹೇಳಿಕೆಯನ್ನು ಬರೆದುಕೊಂಡು, ನೋಂದಣಿ ನವೀಕರಣದ ಕಡತಕ್ಕೆ ಸೇರಿಸಬಹುದು. ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಹುದ್ದೆಯೂ ಬೇಕಿಲ್ಲ. ಅದೇ ಮನೆಯಲ್ಲಿ ಇನ್ನೂ ಇರುವ ಕಿರಿಯ ಹುಡುಗರ ಬಗ್ಗೆ ಅಧಿಕಾರಿಗೆ ಸಿಗಬಹುದಾದ ಅತ್ಯಂತ ಉಪಯುಕ್ತ ಮಾಹಿತಿ ಅದೇ.